ಚೀಲದಕ್ಕನ ಗಿಣಿ

ಅಪ್ಪ ತೀರಿಕೊಂಡು ಮೂರು ತಿಂಗಳಾದ ಮೇಲೆ, ಕಳೆದ ವಾರ, ಕೊಟ್ಟೂರಿನ ಮನೆಯಲ್ಲಿ ಅವನ ತಗಡಿನ ಟ್ರಂಕು ತೆರೆದೆ. ಎರಡು ಖಾಕಿ ಅಂಗಿ, ಒಂದು ಸೀಟಿ, ಹಳೆಯ ಟಿಕೆಟ್ ಪುಸ್ತಕದ ರಟ್ಟು. ಎಲ್ಲದರ ತಳದಲ್ಲಿ ಧೋತರದ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಅದನ್ನು ಎತ್ತಿದ್ದೇ ತಡ, ಹೊಲಿಗೆ ಮೆಷಿನ್ನಿನ ಎಣ್ಣೆಯೂ ಬಜೆ ಬೇರೂ ಕೂಡಿದ ವಾಸನೆ ಮೂಗಿಗೆ ಬಂತು. ಬಿಚ್ಚುವ ಮೊದಲೇ ಅದು ಯಾರ ಮನೆಯ ವಾಸನೆ ಎಂದು ಗೊತ್ತಾಯಿತು... ನಮ್ಮ ಎದುರು ಮನೆಯ ಚೀಲದಕ್ಕನದು. ಇಷ್ಟು ವರ್ಷ ನಾನು ಆಕೆಯನ್ನು ಒಂದು ಸಲವಾದರೂ ನೆನೆದಿದ್ದೆನೇ ಎಂದರೆ, ಇಲ್ಲ.

ಓಣಿಯವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಬಾಣಂತನ ಮುಗಿಸಿದ ಮಗಳು ಕೂಸಿನ ಜೊತೆ ಗಂಡನ ಮನೆಗೆ ಹೊರಟಳೆಂದರೆ ತವರಿನವರು ಮೊದಲು ಅಕ್ಕನ ಹತ್ತಿರ ಬರುತ್ತಿದ್ದರು. ಕುಂಚಿಗೆ, ದುಪ್ಪಟಿ ಇಡಲು ಒಂದು ದೊಡ್ಡ ಚೀಲ, ಅದರೊಳಗೆ ಹಾಲಿನ ಬಾಟಲಿಗೆ ಒಂದು ಜೇಬು, ಬಜೆ ಬೇರಿಗೆ ಲಾಡಿ ಹಾಕಿದ ಪುಟ್ಟ ಸಂಚಿ. ಹೊಸ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ಗಂಜಿ ತೆಗೆಯದೆ ಆಕೆ ಕತ್ತರಿ ಮುಟ್ಟುತ್ತಿರಲಿಲ್ಲ. ದಾರದ ಗಂಟುಗಳನ್ನೆಲ್ಲ ಹೊರಮೈಗೆ ಹಾಕುತ್ತಿದ್ದಳು. ಇದೇನು, ಹೊಲಿಗೆ ತಿರುವುಮುರುವಾಗಿದೆಯಲ್ಲ ಎಂದು ಯಾರಾದರೂ ಹೇಳಿದರೆ ರೇಗುತ್ತಿದ್ದಳು.

“ನೋಡೋರ ಕಣ್ಣಿಗೆ ಚುಚ್ಚಿದ್ರ ಚುಚ್ಚಲಿ ಬಿಡ್ರಿ. ಕೂಸಿನ ಕೈ ಹೋಗೂದು ಒಳಗ.”

ಅಂಗನವಾಡಿಗೆ ಹೋಗುವ ಮಕ್ಕಳಿಗೂ ಹೆಗಲ ಚೀಲ ಹೊಲಿಯುತ್ತಿದ್ದಳು. ಓದಲು ಬಾರದ ಮಕ್ಕಳು ಚೀಲ ಅದಲುಬದಲು ಮಾಡಿಕೊಳ್ಳಬಾರದೆಂದು ಒಬ್ಬೊಬ್ಬರಿಗೆ ಒಂದೊಂದು ಗುರುತನ್ನು ದಾರದಲ್ಲಿ ತೆಗೆಯುತ್ತಿದ್ದಳು. ಒಬ್ಬನಿಗೆ ಏಣಿ, ಒಬ್ಬಳಿಗೆ ಕೊಡೆ. ನನಗೆ ಬೆಂಡೆಕಾಯಿ! ಆಗ ನಾನು ಮೂರು ಹೊತ್ತೂ ಬೆಂಡೆಕಾಯಿ ಪಲ್ಯವನ್ನೇ ಕೇಳುತ್ತಿದ್ದೆನಂತೆ, ಅದಕ್ಕೆ. ಆದರೆ ನನ್ನ ಕಣ್ಣು ಬಿದ್ದದ್ದು ಮೆಷಿನ್ನಿನ ಪಕ್ಕ ತೂಗುಹಾಕಿದ್ದ ಇನ್ನೊಂದು ಚೀಲದ ಮೇಲೆ. ಅದರಲ್ಲಿ ಹಸಿರು ದಾರದ ಗಿಣಿ ಇತ್ತು, ಕೆಂಪು ಮೂಗಿನದು. ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ. ಯಾರು ಏನು ಕೇಳಿದರೂ ಇಲ್ಲ ಎನ್ನದ ಅಕ್ಕ ಅವತ್ತು ಮಾತ್ರ ಕರಗಲಿಲ್ಲ.

“ಗಿಣಿ ನಮ್ಮ ಹುಡುಗೀದು,” ಎಂದಳು.

ಆ ಹುಡುಗಿಯನ್ನು ನಾನು ಕಂಡವಳಲ್ಲ. ಅಕ್ಕನ ಗಂಡನ ಮನೆ ಚಿಗಟೇರಿಯಲ್ಲಿತ್ತು. ಮಗಳಿಗೆ ಒಂದೂವರೆ ವರ್ಷವಾದಾಗ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಅಕ್ಕನನ್ನು ಹೊರಗೆ ಹಾಕಿ ಕೂಸನ್ನು ಇಟ್ಟುಕೊಂಡರು. ತವರಿಗೆ ಬಂದ ಎರಡೇ ವರ್ಷಕ್ಕೆ ಅಕ್ಕನ ಅವ್ವನೂ ತೀರಿಕೊಂಡಳು. ಸಂಜೆ ಮೆಷಿನ್ನು ನಿಂತರೆ ಆ ಮನೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ. ತನ್ನೊಬ್ಬಳಿಗೆಂದು ಒಲೆ ಹಚ್ಚಲು ಬೇಸರವಾಗಿ ಬೆಳಗಿನ ರೊಟ್ಟಿಯನ್ನೇ ಹೊಸ್ತಿಲ ಹತ್ತಿರ ಕೂತು ತಿನ್ನುತ್ತಿದ್ದಳು. ಮಗಳು ನನ್ನದೇ ವಯಸ್ಸಿನವಳು, ನನಗಿಂತ ಒಂದು ತಿಂಗಳು ದೊಡ್ಡವಳು.

ಅಪ್ಪ ಚಿಗಟೇರಿ ಮೇಲೆ ಹಾಯ್ದು ಹರಪನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಬುತ್ತಿ, ಔಷಧಿ, ಲಗ್ನಪತ್ರಿಕೆ, ಏನೇ ಇದ್ದರೂ ಜನ ಅವನ ಕೈಗೆ ಕೊಡುತ್ತಿದ್ದರು. ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಅಕ್ಕ ಒಂದು ಹೊಸ ಗಿಣಿ ಚೀಲ ಹಿಡಿದು ಬರುತ್ತಿದ್ದಳು. “ಅಣ್ಣಾರ, ಇದನ್ನ ನಮ್ಮ ಹುಡುಗಿಗೆ ಮುಟ್ಟಸ್ರಿ.” ನೀನೇ ಒಮ್ಮೆ ಹೋಗಿಬರಬಾರದೇನು ಎಂದು ಅವ್ವ ಕೇಳಿದ್ದಳು. “ನಾ ಹೋದ್ರ ಬಾಗ್ಲ ಹಾಕ್ತಾರ್ರಿ. ಆಮ್ಯಾಲ ಚೀಲಾನೂ ಮುಟ್ಟೂದಿಲ್ಲ,” ಎಂದಿದ್ದಳು ಅಕ್ಕ.

ಚೀಲ ಕೊಟ್ಟ ದಿನ ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬರುವುದನ್ನೇ ಅಕ್ಕ ಕಾಯುತ್ತಿದ್ದಳು.

“ಕೊಟ್ಟಿರೇನ್ರಿ?”

“ಕೊಟ್ಟೆನವ್ವ. ಹೆಗಲಿಗೆ ಹಾಕ್ಕೊಂಡು ಓಣಿ ತುಂಬ ಓಡ್ಯಾಡಿದ್ಳು.”

“ಎಷ್ಟುದ್ದ ಆಗ್ಯಾಳ್ರಿ?”

ಅಪ್ಪ ಆಕೆಯ ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ, ಒಂದು ಗಳಿಗೆ ಯೋಚಿಸಿ, ಇಷ್ಟು ಎಂದು ಅಂಗೈ ಇಡುತ್ತಿದ್ದ. ಅಕ್ಕ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಅಲ್ಲೊಂದು ಗೆರೆ ಎಳೆಯುತ್ತಿದ್ದಳು. ಮುಂದಿನ ವರ್ಷದ ಚೀಲದ ಪಟ್ಟಿಗೆ ಆ ಗೆರೆಯೇ ಅಳತೆ. ಅವತ್ತು ಆಕೆಯ ಮನೆಯಲ್ಲಿ ಒಲೆ ಹತ್ತುತ್ತಿತ್ತು. ನನಗೆ ಒಂದು ಬಟ್ಟಲು ಮಂಡಕ್ಕಿ ಒಗ್ಗರಣೆ ಖಾಯಂ.

ಎರಡನೇ ಕ್ಲಾಸಿನಲ್ಲಿದ್ದಾಗ ಒಮ್ಮೆ, ಅಪ್ಪ ಕೈಯಿಟ್ಟ ಮರುದಿನ, ನಾನು ಆ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತೆ. ನನ್ನ ನೆತ್ತಿ ಗೆರೆಗೆ ಸರಿಯಾಗಿ ಬಂತು. “ಅಕ್ಕಾ, ನಾನೂ ಆಕಿಯಷ್ಟ ಅದೀನಿ ನೋಡು!” ಎಂದು ಕುಣಿದೆ. ಅಕ್ಕ ಮೆಷಿನ್ನು ಬಿಟ್ಟು ಎದ್ದು ಬಂದಳು. ನನ್ನ ತಲೆ ಮುಟ್ಟಿದಳು, ಭುಜ ಮುಟ್ಟಿದಳು, ಸುತ್ತ ತಿರುಗಿಸಿ ನೋಡಿದಳು. “ಹಂಗಾದ್ರ ಇಷ್ಟ ಅದಾಳ,” ಎಂದು ನಗುತ್ತಾ ಎದೆಗೆ ಒತ್ತಿಕೊಂಡಳು. ಉಸಿರುಗಟ್ಟುವಂತಾಗಿ ನಾನು ಕೊಸರಿಕೊಂಡು ಓಡಿಹೋದೆ... ಅಷ್ಟು ಬೇಗ ಓಡಬಾರದಿತ್ತು.

ಮೂರನೇ ಕ್ಲಾಸಿನಲ್ಲೂ ಹಾಗೇ ನಿಂತೆ, ಗೆರೆ ಸರಿಹೋಯಿತು. ನಾಲ್ಕನೆಯ ಕ್ಲಾಸಿನಲ್ಲೂ. ಆ ಸಲ ಅಕ್ಕ ನಗಲಿಲ್ಲ. ಒಂದರ ಮೇಲೊಂದಿದ್ದ ಐದು ಗೆರೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಓಣಿಯಾಚೆಯ ನಮ್ಮ ಬಾಗಿಲನ್ನು ನೋಡಿದಳು. “ಹೋಗು, ನಿಮ್ಮವ್ವ ಕರ್ಯಾಕತ್ಯಾಳ,” ಎಂದಳು. ಅವ್ವ ಕರೆದಿರಲಿಲ್ಲ.

ಮುಂದಿನ ವರ್ಷ ಚೀಲವನ್ನು ಬಟ್ಟೆಯಲ್ಲಿ ಸುತ್ತಿ, ಸುತ್ತಲೂ ಹೊಲಿದು ತಂದಳು. “ಅಣ್ಣಾರ, ಹುಡುಗಿಗೆ ಕೊಡ್ರಿ,” ಎಂದಷ್ಟೇ ಹೇಳಿದಳು. ಸಂಜೆ ಬರಲಿಲ್ಲ, ಎತ್ತರ ಕೇಳಲಿಲ್ಲ. ಅಪ್ಪ ಅವತ್ತು ನಮ್ಮ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದ. ಅದಾದ ಒಂದು ವರ್ಷಕ್ಕೆ ಅಕ್ಕ ಮೆಷಿನ್ನು ಹೇರಿಕೊಂಡು ಹಗರಿಬೊಮ್ಮನಹಳ್ಳಿಗೆ, ದೂರದ ಅಣ್ಣನೊಬ್ಬನ ಮನೆಗೆ ಹೋದಳು. ಎರಡು ಮಳೆಗಾಲ ಕಳೆದ ಮೇಲೆ ಜ್ವರ ಬಂದು ತೀರಿಹೋದಳಂತೆ. ನಮಗೆ ಸುದ್ದಿ ಬಂದದ್ದು ಎಂಟು ದಿನ ತಡವಾಗಿ.

ಕಳೆದ ವಾರ ಆ ಗಂಟು ಬಿಚ್ಚಿದೆ. ಒಳಗೆ ಐದು ಗಿಣಿ ಚೀಲಗಳಿದ್ದವು, ಚಿಕ್ಕದರಿಂದ ದೊಡ್ಡದಕ್ಕೆ. ಒಂದಕ್ಕೂ ಮಣ್ಣು ತಾಗಿರಲಿಲ್ಲ. ಅವುಗಳ ಕೆಳಗೆ ಸುತ್ತಲೂ ಹೊಲಿದ ಆ ಕೊನೆಯ ಪೊಟ್ಟಣ, ಬಿಚ್ಚದೇ ಇಟ್ಟದ್ದು ಹಾಗೇ ಇತ್ತು. ಅವ್ವ ಬಾಗಿಲಲ್ಲಿ ನಿಂತಿದ್ದಳು. ನಾನು ಕೇಳುವ ಮೊದಲೇ ಹೇಳತೊಡಗಿದಳು.

“ಮೊದಲ್ನೇದನ್ನ ಕೊಡಾಕ ಹೋಗಿದ್ದ ನಿಮ್ಮಪ್ಪ. ಹುಡುಗಿಗೆ ಅವ್ವ ಅದಾಳ, ಇನ್ನೊಮ್ಮೆ ಇಂಥಾವು ತರಬ್ಯಾಡ್ರಿ ಅಂತ ಬಾಗಿಲಾಗ ನಿಂದ್ರಿಸಿ ಕಳಿಸಿದ್ರಂತ. ಹೊಳ್ಳಿ ತಂದು ಆಕಿ ಕೈಯಾಗ ಇಡಾಕ ಮನಸ್ಸಾಗ್ಲಿಲ್ಲ. ಕೊಟ್ಟೆ ಅಂದ. ಒಮ್ಮೆ ಅಂದ ಮ್ಯಾಲ ಬಿಡಾಕ ಆಗ್ಲಿಲ್ಲ.”

“ಮತ್ತ ಎತ್ತರ?”

“ನೀ ಅವನ ಅಂಗಿ ಯಾವ ಗುಂಡಿಗೆ ಬರ್ತಿದ್ದಿ, ಅಲ್ಲಿಗೆ ಕೈ ಹಿಡೀತಿದ್ದ. ಇನ್ನೇನ್ ಮಾಡ್ಬೇಕಿತ್ತು ಅವ?”

ಅಪ್ಪನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಮಡಚಿಟ್ಟಿದ್ದ ಖಾಕಿ ಅಂಗಿಗಳನ್ನು ನೋಡಿದರೆ ಆ ಸಿಟ್ಟು ನಿಲ್ಲಲೂ ಇಲ್ಲ. ಬ್ಲೇಡಿನಿಂದ ಪೊಟ್ಟಣದ ಹೊಲಿಗೆ ಕತ್ತರಿಸಿದೆ. ನೀಲಿ ಅಂಚಿನ ಬಿಳಿ ಚೀಲ. ದಾರದ ಗಂಟುಗಳೆಲ್ಲ ಹೊರಗಿದ್ದವು, ಒಳಗೆ ಕೈ ಹಾಕಿದರೆ ಮೆತ್ತಗಿತ್ತು. ತಿರುಗಿಸಿ ಗುರುತು ನೋಡಿದೆ. ಗಿಣಿ ಇರಲಿಲ್ಲ. ಬೆಂಡೆಕಾಯಿ ಇತ್ತು.

ಆಕೆಗೆ ಗೊತ್ತಾಗಿತ್ತು. ಗೊತ್ತಾಗಿಯೂ ಅಪ್ಪನನ್ನು ಒಂದು ಮಾತು ಕೇಳದೆ ಇನ್ನೊಂದು ಚೀಲ ಹೊಲಿದಿದ್ದಳು, ನನಗೆಂದು. ಅಪ್ಪನಿಗೆ ಅದನ್ನು ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ. ಆ ವರ್ಷ ನಾನು ಅಂಗಡಿಯಿಂದ ತಂದ ಕೆಂಪು ರೆಕ್ಸಿನ್ ಬ್ಯಾಗು ಹೆಗಲಿಗೆ ಹಾಕಿಕೊಂಡು, ದಿನಾ ಬೆಳಿಗ್ಗೆ, ಹೊಸ್ತಿಲ ಹತ್ತಿರ ಕೂತಿರುತ್ತಿದ್ದ ಅಕ್ಕನ ಮುಂದೆಯೇ ಶಾಲೆಗೆ ಹೋದೆ.