ಎಡಗಾಲಿಯ ಆರು ನಟ್ಟು

ದೆವ್ವ, ಶಕುನ, ಅಶರೀರವಾಣಿ ಮುಂತಾದ ಇಲಾಖೆಗಳೊಂದಿಗೆ ನಾನು ಯಾವತ್ತೂ ವ್ಯವಹಾರ ಇಟ್ಟುಕೊಂಡವನಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ರಿಪೇರಿ ಮಾಡುತ್ತ ಮೂವತ್ತೆರಡು ವರ್ಷ ಕಳೆದೆ. ಅಲ್ಲಿ ಸದ್ದು ಬಂತು ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತಿತ್ತು. ಕಾರಣ ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲ ಅಂತ ಅರ್ಥ. ಒಮ್ಮೆ ಎರಡನೇ ಶಿಫ್ಟಿನವರು, ಪ್ರೆಸ್ ಯಂತ್ರವೊಂದು ಮನುಷ್ಯರ ಹಾಗೆ ನರಳುತ್ತದೆ ಅಂತ ಹೆದರಿ ಅದಕ್ಕೆ ನಿಂಬೆಹಣ್ಣು ಕಟ್ಟಿದ್ದರು. ನಾನು ಹಣ್ಣು ಬಿಚ್ಚಿ ಗ್ರೀಸು ಹಾಕಿದೆ. ನರಳಾಟ ನಿಂತಿತು. ಹಣ್ಣು ಷರಬತ್ತಾಯಿತು. ಇಂಥ ಪೂರ್ವಚರಿತ್ರೆಯವನು ಈಗ ಹೇಳಹೊರಟಿರುವುದನ್ನು ಓದುಗರು ನಂಬಲೇಬೇಕು ಅಂತ ನಾನು ಒತ್ತಾಯ ಮಾಡುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಕೆಲವು ವರ್ಷಗಳ ಹಿಂದೆ, ನಿವೃತ್ತನಾದ ಹೊಸದರಲ್ಲಿ, ಒಂದು ಹಳೆಯ ಮಿನಿ ಬಸ್ಸು ಕೊಂಡೆ. ವೈಟ್‌ಫೀಲ್ಡಿನ ಕಂಪನಿಗಳಿಗೆ ಜನರನ್ನು ಹೊತ್ತು ಹೊತ್ತು ಅದೂ ನನ್ನ ಹಾಗೆಯೇ ನಿವೃತ್ತಿಗೆ ಬಂದಿತ್ತು. ಸೀಟುಗಳನ್ನು ಕಿತ್ತು, ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ನಾಲ್ಕು ಕಪಾಟು ಕೂರಿಸಿ ಅದಕ್ಕೆ ಮನೆಯ ದರ್ಜೆಗೆ ಬಡ್ತಿ ಕೊಟ್ಟೆ. ಬಾಗಲಗುಂಟೆಯ ನಮ್ಮ ಬೀದಿಯವರು ಬಂದು ನೋಡಿ, ಮನೆ ಬಾಡಿಗೆಗೆ ಬಿಟ್ಟು ಇನ್ನು ಇದರಲ್ಲೇ ಇರ್ತೀರಾ ಸಾರ್ ಅಂತ ವಿಚಾರಿಸಿಕೊಂಡು ಹೋದರು. ನನ್ನ ಹೆಂಡತಿ ವನಜ ಮಾತ್ರ ನಗಲಿಲ್ಲ, ಒಂದು ಷರತ್ತು ಹಾಕಿದಳು.

"ಫ್ಯಾಕ್ಟರಿ ಮಿಷಿನ್ನಿಗೆ ದಿನಾ ಬೆಳಗ್ಗೆ ಏನೇನು ನೋಡ್ತಿದ್ರೋ, ಇದಕ್ಕೂ ದಿನಾ ನೋಡ್ಬೇಕು. ಒಂದಿನ ತಪ್ಸಿದ್ರೂ ನಾನು ಅಲ್ಲೇ ಇಳ್ಕೊಂಡು ಬೇರೆ ಬಸ್ ಹಿಡ್ದು ಬಂದ್ಬಿಡ್ತೀನಿ."

ಒಪ್ಪಿಕೊಂಡೆ. ಕರಾವಳಿ ಹಿಡಿದು ಕನ್ಯಾಕುಮಾರಿಗೆ ಇಳಿದು, ಆ ಕಡೆಯ ಕಡಲ ಪಕ್ಕದಲ್ಲೇ ಪುರಿಯವರೆಗೆ ಹತ್ತಿ ವಾಪಸಾಗುವುದಕ್ಕೆ ಎಪ್ಪತ್ತು ದಿನ ಹಿಡಿಯಿತು. ಸಮುದ್ರದ ಬಗ್ಗೆ, ಗೋಪುರಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನು ನೋಡಿಕೊಂಡು ಬಂದದ್ದು ಹೆಚ್ಚಾಗಿ ಬಸ್ಸಿನ ಅಡಿಭಾಗ. ಓಡಾಡುವ ಮನೆಯಲ್ಲಿ ಪ್ರತಿಯೊಂದು ಸ್ಕ್ರೂವಿಗೂ ಹೊರಗೆ ಬಂದು ಪ್ರಪಂಚ ನೋಡುವ ಆಸೆ. ಇವತ್ತು ಬಿಗಿ ಮಾಡಿದ್ದು ನಾಳೆಯೂ ಬಿಗಿಯಾಗಿರುತ್ತದೆ ಅಂತ ತಿಳಿಯಬಾರದು. ಉಪ್ಪಿನಕಾಯಿ ಜಾಡಿ ಕಪಾಟಿನಿಂದ ಇಳಿದು ನನ್ನ ಹಾಸಿಗೆಯಲ್ಲಿ ಮಲಗಿದ ಮೇಲೆ, ಚಿಲಕವನ್ನು ನಂಬದೆ ಹಗ್ಗವನ್ನೂ ಕಟ್ಟುವುದು ಕಲಿತೆ. ರಾಮನಾಥಪುರದ ಹತ್ತಿರ ನೀರು ಬರಲಿಲ್ಲ ಅಂತ ಅರ್ಧ ದಿನ ಕೂತು ಪಂಪನ್ನು ಬಿಚ್ಚಿ ನೆಲದ ಮೇಲೆ ಹರಡಿದೆ. ಸಂಜೆ ವನಜ ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ನೀರೇ ಇಲ್ಲ ಅಂದಳು. ಸುಲಭದ್ದನ್ನು ಮೊದಲು ನೋಡಿ ಅಂತ ಕಾರ್ಖಾನೆಯಲ್ಲಿ ಎಲ್ಲರಿಗೂ ಉಪದೇಶ ಮಾಡುತ್ತಿದ್ದವನು ನಾನೇ.

ಬೆಳಗಿನ ತಪಾಸಣೆಯಲ್ಲಿ ಮುಖ್ಯವಾದದ್ದು ಗಾಲಿಯ ನಟ್ಟುಗಳು. ಚಿಕ್ಕ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಬೇಕು. ಬಿಗಿಯಾಗಿದ್ದರೆ ಟಿಣ್ ಅನ್ನುತ್ತದೆ, ಸಡಿಲವಾಗಿದ್ದರೆ ದಬ್ ಅನ್ನುತ್ತದೆ. ಗಾಳಿ ತುಂಬುವ ವಾಲ್ವಿನ ಪಕ್ಕದ ನಟ್ಟಿನಿಂದ ಶುರುಮಾಡಿ ಸುತ್ತ ಹೋಗುವುದು ನನ್ನ ಕ್ರಮ. ನನ್ನ ಬಲಮಂಡಿ ಸರಿಯಿಲ್ಲದ್ದರಿಂದ ಮೂರು ತಟ್ಟಿ, ಮಂಡಿ ಬದಲಾಯಿಸಿಕೊಂಡು, ಆಮೇಲೆ ಉಳಿದ ಮೂರು ತಟ್ಟುತ್ತಿದ್ದೆ. ವನಜ ಒಳಗೆ ಒಲೆಯ ಮುಂದೆ ನಿಂತು ಲೆಕ್ಕ ಹಿಡಿಯುತ್ತಿದ್ದಳು. ಹತ್ತು ದಿನದಲ್ಲಿ ಅವಳ ಕಿವಿ ನನ್ನ ಕಿವಿಗಿಂತ ಚುರುಕಾಯಿತು.

ಹೊಸೂರಿನ ಕಡೆಯಿಂದ ವಾಪಸು ಬಂದು, ಕೊನೆಯ ರಾತ್ರಿ ಜಿಗಣಿಯಲ್ಲಿ ಬಾಮೈದ ಮಂಜುನಾಥನ ಮನೆಯಲ್ಲಿ ಉಳಿದೆವು. ಗೇಟು, ಗ್ರಿಲ್ಲು ಮಾಡುವ ಶೆಡ್ಡು ಅವನದು. ಬಣ್ಣ ಹೊಡೆಯುವ ಗನ್ನು ಅಲ್ಲಿತ್ತು. ಅದು ಕಣ್ಣಿಗೆ ಬಿದ್ದದ್ದೇ ನನಗೆ ದುರ್ಬುದ್ಧಿ ಬಂತು. ಎಪ್ಪತ್ತು ದಿನದ ದಿಗ್ವಿಜಯ ಮುಗಿಸಿ ಬರುವವನ ಗಾಲಿಗಳು ಹಾಗೆ ಕೆಸರು ಮೆತ್ತಿಕೊಂಡಿರುವುದೇ? ನಮ್ಮ ಬೀದಿಗೆ ತಿರುಗುವಾಗ ಮನೆಗಳವರಿಗೆ ಕಾಣುವುದು ಎಡಭಾಗ. ಆದ್ದರಿಂದ ಎಡಗಡೆಯ ಗಾಲಿಗಳನ್ನು ಮಾತ್ರ ಬಿಚ್ಚಿ ಬೆಳ್ಳಿ ಬಣ್ಣ ಹೊಡೆದೆ. ಹಿಂದಿನದು ಮುಗಿಯುವಾಗ ಕತ್ತಲಾಗಿತ್ತು. ಬಣ್ಣ ಹಸಿಯಾಗಿದೆ, ನಾಳೆ ಕೂರಿಸೋಣ ಭಾವ ಅಂದ ಮಂಜುನಾಥ. ಪೀಣ್ಯದವನಿಗೆ ಜಿಗಣಿಯವನು ಪಾಠ ಹೇಳೋದಾ ಅಂದು ಆ ರಾತ್ರಿಯೇ ಕೂರಿಸಿದೆ. ನಟ್ಟು ಕೂರುವ ಜಾಗಕ್ಕೆ ಬಣ್ಣ ತಗುಲಬಾರದು, ಬಣ್ಣ ಹಿಂಡಿಹೋದರೆ ನಟ್ಟು ಸಡಿಲವಾಗುತ್ತದೆ. ಇದು ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲ ವಾರವೇ ಹೇಳಿಕೊಡುತ್ತಿದ್ದ ಪಾಠ.

ಬೆಳಗ್ಗೆ ತಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತೋ ಏನೋ. ಆದರೆ ಬೀದಿಯವರು ಕೆಲಸಕ್ಕೆ ಹೊರಡುವ ಮುಂಚೆ, ಎಂಟು ಗಂಟೆಯ ಒಳಗೆ, ನಾನು ಅಲ್ಲಿ ಪ್ರತ್ಯಕ್ಷನಾಗಬೇಕಿತ್ತು. ವನಜ ಒಳಗೆ ಮಂಜುನಾಥನ ಹೆಂಡತಿ ಕೊಟ್ಟ ಅವರೆಕಾಯಿ ಕಟ್ಟಿಕೊಳ್ಳುತ್ತಿದ್ದಳು. ಹತ್ತುವಾಗ, ತಟ್ಟಿದ್ರಾ ಅಂತ ಕೇಳಿದಳು. ನಾನು ಹೂಂ ಅಂದೆ. ಎಪ್ಪತ್ತು ದಿನಗಳಲ್ಲಿ ನಾನು ಅವಳಿಗೆ ಹೇಳಿದ ಸುಳ್ಳು ಅದೊಂದೇ.

ಟೋಲ್ ರಸ್ತೆ ಹತ್ತಿ ಇಪ್ಪತ್ತು ಕಿಲೋಮೀಟರು ಬಂದಿದ್ದೆವು. ಚಳಿಗಾಲದ ಎಳೆಬಿಸಿಲು, ರಸ್ತೆ ಖಾಲಿ, ಮನಸ್ಸು ಹಗುರ. ವನಜ ಹಿಂದೆ, ಎಡಗಾಲಿಯ ಮೇಲಿನ ಬೆಂಚಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆಗ ಕೇಳಿಸಿತು.

ಟಿಣ್. ಟಿಣ್. ದಬ್. ಸ್ವಲ್ಪ ಬಿಡುವು. ದಬ್. ದಬ್. ದಬ್.

"ಬೆಳಗ್ಗೆನೇ ತಟ್ಟಿದೀನಿ ಅಂದ್ರಲ್ಲಾ, ಈಗ್ಯಾಕ್ ಮತ್ತೆ ತಟ್ತಿದೀರಾ?" ಅಂದಳು ವನಜ, ಕಾಯಿಯಿಂದ ತಲೆ ಎತ್ತದೆ.

ನನ್ನ ಎರಡೂ ಕೈ ಸ್ಟೇರಿಂಗ್ ಮೇಲಿದ್ದವು. ಎರಡು ಕ್ಷಣ ಕಳೆದು ಅವಳು ಕಿಟಕಿಯ ಆಚೆ ಓಡುತ್ತಿದ್ದ ಮರಗಳನ್ನು ನೋಡಿದಳು. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು.

"ರೀ, ಗಾಡಿ ನಿಲ್ಸಿ."

ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದೆ. ಇಳಿದು ಸುತ್ತ ನೋಡಿದೆ, ಬಗ್ಗಿ ಕೆಳಗೆ ನೋಡಿದೆ. ಒಂದು ನರಪಿಳ್ಳೆಯೂ ಇರಲಿಲ್ಲ. ಸುತ್ತಿಗೆ ಹೊರಟಾಗ ಇದ್ದ ಹಾಗೆಯೇ ಬಟ್ಟೆಯಲ್ಲಿ ಸುತ್ತಿಕೊಂಡು ಡಬ್ಬಿಯ ತಳದಲ್ಲಿತ್ತು. ತೆಗೆದುಕೊಂಡು ಹಿಂದಿನ ಎಡಗಾಲಿಯ ಮುಂದೆ ಮಂಡಿಯೂರಿದೆ. ವಾಲ್ವಿನ ಪಕ್ಕದಿಂದ ಶುರುಮಾಡಿದೆ. ಟಿಣ್, ಟಿಣ್, ದಬ್. ಮಂಡಿ ಬದಲಾಯಿಸಿದೆ. ದಬ್, ದಬ್, ದಬ್. ಸಡಿಲವಾದ ಆ ನಾಲ್ಕು ನಟ್ಟುಗಳನ್ನು ನಾನು ಬೆರಳಿನಿಂದಲೇ ತಿರುಗಿಸಬಹುದಿತ್ತು. ಮುಂದೆ ಉದ್ದನೆಯ ಇಳಿಜಾರು, ಅದರ ಕೊನೆಗೆ ಲಾರಿಗಳ ಸಾಲು.

ವನಜ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು. ಬೆಳಗ್ಗೆ ತಟ್ಟಿರಲಿಲ್ಲ ಅಂತ ಒಪ್ಪಿಕೊಂಡೆ. ಬೇರೆ ಬಸ್ಸು ಹಿಡಿಯುತ್ತಾಳೆ ಅಂತ ಕಾದೆ. ಅವಳು ಅವರೆಕಾಯಿಯ ಮೊರ ತಂದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ನಾನು ಜಾಕ್ ಕೊಟ್ಟು ಗಾಲಿ ಬಿಚ್ಚಿ, ಚಾಕುವಿನಿಂದ ಬಣ್ಣ ಕೆರೆದು, ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ ಮುಗಿಸುವ ಹೊತ್ತಿಗೆ ಅವಳದೂ ಸುಲಿದು ಮುಗಿದಿತ್ತು. ಬಾಗಲಗುಂಟೆ ಸೇರಿದಾಗ ಹತ್ತೂವರೆ. ಬೀದಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಒಂದು ನಾಯಿ ಬಿಟ್ಟರೆ ಸ್ವಾಗತಕ್ಕೆ ಯಾರೂ ಇರಲಿಲ್ಲ. ಮಧ್ಯಾಹ್ನ ಅವರೆಕಾಳಿನ ಸಾರು ಉಂಡು ಇಬ್ಬರೂ ಹಾಯಾಗಿ ನಿದ್ದೆ ಮಾಡಿದೆವು.

ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಬಾಗಲಕೋಟೆಯ ಬಸಪ್ಪನಿಗೆ ಇದನ್ನು ಹೇಳಿದೆ. "ನಟ್ ಸಡ್ಲ ಆದ್ರ ಸಪ್ಪಳ ಬರತೈತಿ, ಅದ್ರಾಗೇನೈತಿ ವಿಶೇಷ" ಅಂದ. ನನಗೂ ಹಾಗೇ ಅನ್ನಿಸಿತ್ತು. ಖಾಲಿ ಬಯಲೊಂದರಲ್ಲಿ ಅದೇ ನಾಲ್ಕು ನಟ್ಟುಗಳನ್ನು ಸಡಿಲ ಮಾಡಿ, ಎತ್ತಿನಗಾಡಿಯ ವೇಗದಲ್ಲಿ ಬಸ್ಸು ಓಡಿಸಿ ನೋಡಿದೆವು. ಆ ಪ್ರಯೋಗಕ್ಕೆ ವನಜ ಹತ್ತಲಿಲ್ಲ. ಕಟಕಟ ಅಂತ ಸದ್ದು ಬಂತು ನಿಜ, ಚಕ್ರ ತಿರುಗಿದ ಹಾಗೆಲ್ಲ ಬಂತು. ಟಿಣ್ ಅಂತ ಒಮ್ಮೆಯೂ ಬರಲಿಲ್ಲ. ಮೂರನೆಯದರ ನಂತರ ಬಿಡುವೂ ಇರಲಿಲ್ಲ. ಬಸಪ್ಪ ತಲೆ ಕೆರೆದುಕೊಂಡು, ಮಳೆ ಬರೋಹಂಗೈತಿ ಅಂತ ಮನೆಗೆ ಹೋದ. ಆಕಾಶ ಶುಭ್ರವಾಗಿತ್ತು.

ಅದು ಯಾರು ತಟ್ಟಿದ್ದಿರಬಹುದು ಅಂತ ವನಜನನ್ನು ಎಷ್ಟೋ ಸಲ ಕೇಳಿದ್ದೇನೆ. ನೀವೇ ತಟ್ಟಿದ್ದು, ನಿಮ್ಮ ಕೈ ನನಗೆ ಗೊತ್ತಿಲ್ವಾ ಅನ್ನುತ್ತಾಳೆ. ನಾನು ಮುಂದೆ ಕೂತು ಓಡಿಸುತ್ತಿದ್ದೆನಲ್ಲ ಅಂದರೆ, ಅದೂ ಹೌದು ಅನ್ನುತ್ತಾಳೆ. ಇವೆರಡು ಒಂದಕ್ಕೊಂದು ಕೂಡುವುದಿಲ್ಲ ಅನ್ನುವುದು ಅವಳಿಗೆ ತೊಂದರೆಯಾಗಿ ಕಂಡೇ ಇಲ್ಲ. ಮೊನ್ನೆ ಮತ್ತೆ ಕೇಳಿದಾಗ ಸ್ವಲ್ಪ ಬೇಸರದಿಂದಲೇ ಅಂದಳು:

"ಯಾರಾದ್ರೇನ್ರೀ? ಅವತ್ತು ಯಾರೋ ಡ್ಯೂಟಿಗೆ ಬಂದಿದ್ರು. ನೀವು ಬಂದಿರ್ಲಿಲ್ಲ."

ಇದಕ್ಕಿಂತ ಹೆಚ್ಚಿನದು ಇದುವರೆಗೆ ನನಗೂ ಹೊಳೆದಿಲ್ಲ.