ಕುರ್ಚಿಗಳು ಸಮುದ್ರದತ್ತ

ಮೂರು ಕಡೆ ಬೆಟ್ಟ, ಎದುರಿಗೆ ಸಮುದ್ರ. ಈ ಗ್ರೀಕ್ ದ್ವೀಪದ ಹಳ್ಳಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದು. ಅಮೆರಿಕದ ಫಾಸ್ಟರ್ ಸಿಟಿಯಿಂದ ನನ್ನೊಡನೆ ರಜೆಗೆ ಬಂದಿರುವ ಉಡುಪಿಯ ಗೆಳೆಯ ಪ್ರಶಾಂತನಿಗೆ ಅದೇ ನೆಮ್ಮದಿ. ಅವನ ಡಾಟ್‌ಕಾಮ್ ಕಂಪನಿ ತಿಂಗಳ ಕೊನೆಗೆ ಮುಚ್ಚಲಿದೆ. ಅದು ಅವನಿಗೆ ಗೊತ್ತು. ಅವನ ಕೈಕೆಳಗೆ ವೀಸಾದ ಮೇಲೆ ದುಡಿಯುತ್ತಿರುವ ಮೈಸೂರಿನ ಶಬಾನಾಗೆ ಗೊತ್ತಿಲ್ಲ. ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ ಅವಳು ದೇಶ ಬಿಡಬೇಕು.

"ಇವತ್ತೇ ಹೇಳು," ಎಂದೆ, ದಡದ ಕಾಫಿ ಅಂಗಡಿಯಲ್ಲಿ.

"ಹೇಗೆ ಮಾರಾಯ್ತಿ? ಬೆಟ್ಟ ಅಡ್ಡ ಉಂಟಲ್ಲ!"

"ತಪ್ಪನ್ನ ಬೆಟ್ಟದ ಮೇಲೆ ಯಾಕೋ ಹಾಕ್ತೀಯಾ? ಅಡ್ಡ ಇರೋದು ನೀನು."

ಅವನು ಸತ್ತ ಮೊಬೈಲನ್ನು ಎತ್ತಿ ತೋರಿಸಿದ. ಅದನ್ನು ಕಂಡ ಅಂಗಡಿಯಜ್ಜಿ ಒಳಗಿನಿಂದ ಉದ್ದನೆಯ ತಂತಿಯ ಫೋನನ್ನು ಹೊತ್ತು ತಂದು ನಮ್ಮ ಮೇಜಿನ ಮೇಲಿಟ್ಟಳು. ತಕ್ಷಣ ಸುತ್ತ ಕುಳಿತಿದ್ದವರೆಲ್ಲ, ಯಾರೂ ಹೇಳದೆಯೇ, ತಮ್ಮ ಕುರ್ಚಿಗಳನ್ನು ಸಮುದ್ರದತ್ತ ತಿರುಗಿಸಿಕೊಂಡರು. ಫೋನು ಮಾಡುವವರಿಗೆ ಏಕಾಂತ ಕೊಡುವ ರೀತಿ ಇಲ್ಲಿ ಇದೇ ಇರಬೇಕು.

ನಾನೂ ಕುರ್ಚಿ ತಿರುಗಿಸಿದೆ. ಕಿವಿಯನ್ನು ಮಾತ್ರ ತಿರುಗಿಸಲಿಲ್ಲ. ಅಲೆಗಳ ಸದ್ದಿನ ನಡುವೆ, ಬೆನ್ನ ಹಿಂದೆ ಅವನು ಡಯಲು ಸುತ್ತುವುದು ಕೇಳಿಸಿತು.

"ಶಬಾನಾ, ಎಬ್ಬಿಸಿಬಿಟ್ಟೆನಾ? ಇಲ್ಲ, ರಜೆ ಚೆನ್ನಾಗುಂಟು. ಸ್ವಲ್ಪ ಕೂತ್ಕೋ ಮಾರಾಯ್ತಿ, ನಾನು ಹೊರಡುವ ಮೊದಲೇ ಹೇಳ್ಬೇಕಿತ್ತು."