ಸೋಮವಾರ ಇಳಿಯದ ಬ್ಯಾಟರಿ

ಮೂರು ವರ್ಷದ ಹಿಂದಿನ ಮಾತು. ಸೈಕ್ಲಿಂಗ್ ತಂಡವೊಂದರ ಮೆಕ್ಯಾನಿಕ್ ಆಗಿ ಊರೂರು ತಿರುಗಿ ಸಾಕಾದ ಮೇಲೆ ಗೋಕಾಕಿನಲ್ಲಿ ನನ್ನದೇ ಒಂದು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ನಮ್ಮ ಭಾಗದಲ್ಲಿ ಸೈಕಲ್ ರೇಸಿನ ಹುಚ್ಚು ಹೊಸದಲ್ಲ. ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಂದ ಹುಡುಗ ಹುಡುಗಿಯರು ರೇಸ್ ಸೈಕಲ್ ತರುತ್ತಿದ್ದರು. ನನ್ನ ಕೈಗೆ ಬಂದ ಸೈಕಲ್ಲಿನ ದೋಷ ಸಿಗದೆ ಹೋಗುವುದಿಲ್ಲ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಒಂದು ದಿನ ನಾಗನೂರಿನಿಂದ ಮಲ್ಲಪ್ಪ ಎಂಬವರು ಮಗಳು ಶಿವಲೀಲಾಳ ಜೊತೆ ಬಂದರು. ಊರಲ್ಲಿ ಅವರದು ಹಿಟ್ಟಿನ ಗಿರಣಿ. ಟೆಂಪೋದಿಂದ ಇಳಿಸಿದ ಸೈಕಲ್ಲನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಅದು ಅವರ ಮಗ ಬಸುವಿನದು. ಅವನ ಓಟ ನೋಡಿ ಊರವರೆಲ್ಲ ಪಟ್ಟಿ ಎತ್ತಿ ಹಣ ಕೂಡಿಸಿ ಕೊಡಿಸಿದ್ದ ಎಲೆಕ್ಟ್ರಾನಿಕ್ ಗೇರಿನ ಸೈಕಲ್. ಹಿಂದಿನ ವರ್ಷ ತಾಲೀಮು ಮುಗಿಸಿ ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ. ಸೈಕಲ್ ಮಾತ್ರ ದಂಡೆಯ ಜಾಲಿ ಮರಕ್ಕೆ ಆನಿಸಿದಂತೆಯೇ ನಿಂತಿತ್ತು, ಒಂದು ಗೀರೂ ಇಲ್ಲದೆ.

ಈ ಗೇರಿಗೆ ತಂತಿ ಇರುವುದಿಲ್ಲ. ಹ್ಯಾಂಡಲ್‌ನಲ್ಲಿ ಗುಂಡಿ ಒತ್ತಿದರೆ ಹಿಂದಿನ ಚಕ್ರದ ಬಳಿಯ ಪುಟ್ಟ ಮೋಟರ್ ಚೈನನ್ನು ಸರಿಸುತ್ತದೆ. ಮೋಟರಿಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರಬೇಕು.

“ನಾಲ್ಕ ದಿನಾನೂ ಬರವಲ್ದರಿ,” ಎಂದಳು ಶಿವಲೀಲಾ. “ಗೋಕಾಕ ಫಾಲ್ಸ್ ಏರಿನ್ಯಾಗ ಗೇರ್ ಸತ್ತು ನಿಂತಬಿಡ್ತು. ಮುಂದಿನ ತಿಂಗಳ ಹುಕ್ಕೇರಿ ರಸ್ತೆದಾಗ ಸೆಲೆಕ್ಷನ್ ರೇಸ್ ಐತಿ. ಇದ ಸೈಕಲ್ ಮ್ಯಾಲ ಹೋಗ್ಬೇಕರಿ ನಾ.”

ಮಲ್ಲಪ್ಪನವರು ಮಗಳನ್ನು ಚಹಾ ತರಲು ಕಳಿಸಿ ನನ್ನ ಹತ್ತಿರ ಸರಿದರು. “ಯಾರೂ ಮುಟ್ಟದಿದ್ರೂ ಇಳಿತೈತ್ರಿ. ನಿಂತಲ್ಲೇ ಇಳಿತೈತಿ. ಅಂವ ಇನ್ನೂ ಸೈಕಲ್ ಹೊಡ್ಯಾಕತ್ತಾನ ಅಂತಾಳ್ರಿ ನಮ್ಮಾಕಿ. ಹಂಗೇನರ ಇದ್ರ ನಾ ಹುಡುಗೀನ ಈ ಸೈಕಲ್ ಮ್ಯಾಲ ಕೂಡ್ರಸಂಗಿಲ್ಲ. ಒಬ್ಬಂವ ಹೋದದ್ದ ಸಾಕು.”

ನಾನು ನಗಲು ನೋಡಿದೆ. ಅವರ ಮುಖ ಕಂಡು ಸೈಕಲ್ಲಿನತ್ತ ತಿರುಗಿದೆ.

ಸೈಕಲ್ಲನ್ನು ಒಂದು ವಾರ ಅಂಗಡಿಯಲ್ಲೇ ಇಟ್ಟುಕೊಂಡೆ. ಹ್ಯಾಂಡಲ್‌ನ ಗುಂಡಿ ಅಂಟಿಕೊಂಡು ಸದಾ ಒತ್ತಿದಂತೆ ಇರುತ್ತದೆಯೇ ಎಂದು ನೋಡಿದೆ, ಇಲ್ಲ. ಬ್ಯಾಟರಿಯ ಹಲ್ಲುಗಳಿಗೆ ಕಿಲುಬು ಹಿಡಿದಿರಲಿಲ್ಲ. ಸಾಫ್ಟ್‌ವೇರ್ ಹಳೆಯದಿತ್ತು, ಹೊಸದು ಹಾಕಿದೆ. ಅಷ್ಟು ದಿನದಲ್ಲಿ ಬ್ಯಾಟರಿ ಇಳಿದದ್ದು ಇಲ್ಲವೆನ್ನುವಷ್ಟು. ಸಾಫ್ಟ್‌ವೇರಿನ ತಪ್ಪೆಂದು ಹೇಳಿ ದೊಡ್ಡಸ್ತಿಕೆಯಿಂದ ಕಳಿಸಿಕೊಟ್ಟೆ. ನಾಲ್ಕನೇ ದಿನಕ್ಕೆ ಫೋನ್: ಬ್ಯಾಟರಿ ಸತ್ತಿದೆ. ನನ್ನ ಅಂಗಡಿಯ ಹೊಸ ಬ್ಯಾಟರಿ ಹಾಕಿ ಕಳಿಸಿದೆ. ಅದೂ ಸತ್ತಿತು.

ನನ್ನ ಕೈಯಲ್ಲಿ ಸರಿಯಾಗಿದ್ದ ಸೈಕಲ್, ಆ ಮನೆಯಲ್ಲಿ ಮಾತ್ರ ದಣಿಯುತ್ತಿತ್ತು. ದೆವ್ವ ಭೂತ ಎಂದರೆ ಗೇಲಿ ಮಾಡುವ ಮನುಷ್ಯ ನಾನು. ಆದರೂ ಆ ವಾರ, ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಯಾವುದಾದರೂ ಸೈಕಲ್ಲಿನ ಚೈನು ಟಿಕ್ಕೆಂದರೆ ಹಿಂತಿರುಗಿ ನೋಡುತ್ತಿದ್ದೆ. ನನಗೆ ಹೆದರಿಕೆಯಾಗಿತ್ತು.

ಮನೆಯನ್ನೇ ನೋಡಬೇಕೆಂದು ನಾಗನೂರಿಗೆ ಹೋದೆ. ಅದು ಸೋಮವಾರ. ಸೈಕಲ್ ದೇವರ ಮನೆಯಲ್ಲಿತ್ತು. ದೇವರ ಜಗುಲಿಯ ಬಾಜೂ, ಬಸುವಿನ ಫೋಟೋದ ಕೆಳಗೆ, ಮಣೆಯ ಮೇಲೆ ನಿಲ್ಲಿಸಿದ್ದರು. ಹ್ಯಾಂಡಲ್‌ಗೆ ವಿಭೂತಿ. ಪಕ್ಕದಲ್ಲೇ ಚಾರ್ಜರ್.

ಬಸುವಿನ ತಾಯಿ ನೀಲವ್ವ ಹೆದರಿದವಳಂತೆ ಕಾಣಲಿಲ್ಲ. ಮನೆಗೆ ಬಂದ ಬೀಗರ ಸುದ್ದಿ ಹೇಳುವಂತೆ ಹೇಳಿದಳು.

“ಗೇರಿನ್ಯಾಗ ಕೆಂಪ ದೀಪ ಬಂತಂದ್ರ ಅಂವ ಭಾಳ ದೂರ ಹೋಗಿ ಬಂದಾನ ಅಂತ ತಿಳ್ಕೋತೇನ್ರಿ ಅಣ್ಣಾರ. ಚಾರ್ಜಿಗೆ ಹಚ್ತೇನಿ. ಅಂವಗ ಉಣ್ಣಾಕ ನೀಡಿದಂಗ ಆಗತೈತಿ ನನಗ.” ಮತ್ತೆ ಸೇರಿಸಿದಳು: “ಸೋಮವಾರ ಮಾತ್ರ ಎಲ್ಲೂ ಹೋಗಂಗಿಲ್ಲ. ಇದ್ದಾಗೂ ಹಂಗ ಇದ್ದ. ಐತವಾರ ರೇಸು, ಸೋಮವಾರ ಮನ್ಯಾಗ.”

ಶಿವಲೀಲಾ ಮೊಬೈಲಿನ ಗೇರ್ ಆ್ಯಪ್ ತೆರೆದು ದಿನದಿನದ ಚಾರ್ಜಿನ ಲೆಕ್ಕ ತೋರಿಸಿದಳು. ಖರೆ. ದಿನವೂ ಇಳಿಯುವ ಚಾರ್ಜ್ ಸೋಮವಾರ ಇಳಿಯುತ್ತಿರಲಿಲ್ಲ. ಸತ್ತವನಿಗೂ ವಾರದ ರಜೆ ಇರುತ್ತದೆಯೇ?

ಆಮೇಲೆ ಬುದ್ಧಿ ತಿಳಿಯಾಯಿತು. “ಮಲ್ಲಪ್ಪ ಕಾಕಾ, ಸೋಮವಾರ ಮನ್ಯಾಗ ಬ್ಯಾರೆ ಏನ ಇರಂಗಿಲ್ರಿ?”

“ಏನ್ ಇರಂಗಿಲ್ಲ? ಎಲ್ಲಾ ಇರತೈತಿ. ಬಸವಣ್ಣನ ವಾರ, ಎತ್ತ ಹೂಡಂಗಿಲ್ಲ. ಗಿರಣಿ ಚಾಲೂ ಮಾಡಂಗಿಲ್ಲ.”

ಗಿರಣಿ ದೇವರ ಮನೆಯ ಗೋಡೆಯ ಆಚೆಗೇ ಇತ್ತು. ಒಂದು ಸಲ ಚಾಲೂ ಮಾಡ್ರಿ ಎಂದು ಕೇಳಿಕೊಂಡೆ. ಅವರು ಒಪ್ಪಲೇ ಇಲ್ಲ. ಮಗಳ ಸೆಲೆಕ್ಷನ್ ಇರಲಿ, ಊರೇ ಮುಳುಗಲಿ, ಅಜ್ಜನ ಕಾಲದಿಂದ ಬಂದದ್ದನ್ನು ಮುರಿಯುವವರಲ್ಲ. ಬೈದುಕೊಳ್ಳುತ್ತ ಗೋಕಾಕಿಗೆ ಮರಳಿ, ಮಂಗಳವಾರ ಮತ್ತೆ ಹೋದೆ.

ಈ ಗೇರಿನೊಳಗೆ ಅಲುಗಾಟ ಅರಿಯುವ ಸೆನ್ಸರ್ ಇರುತ್ತದೆ. ಸೈಕಲ್ ಸುಮ್ಮನೆ ನಿಂತರೆ ಗೇರ್ ನಿದ್ದೆ ಹೋಗುತ್ತದೆ, ಅಲುಗಿದರೆ ಏಳುತ್ತದೆ. ನಿದ್ದೆಯಲ್ಲಿದ್ದರೆ ಮೊಬೈಲಿಗೆ ಸಿಗುವುದಿಲ್ಲ. ಬೆಳಿಗ್ಗೆ ಯಾರೂ ಮುಟ್ಟದ ಸೈಕಲ್ ಮೊಬೈಲಿಗೆ ಸಿಗಲಿಲ್ಲ. ಮಲ್ಲಪ್ಪನವರು ಗಿರಣಿ ಚಾಲೂ ಮಾಡಿದರು. ಜಗುಲಿಯ ಮೇಲಿನ ತಂಬಿಗೆಯ ನೀರು ನಡುಗಿತು, ನೆಲ ನನ್ನ ಅಂಗಾಲಿಗೆ ಗುಂಯ್ಗುಟ್ಟಿತು. ಮೊಬೈಲಿನಲ್ಲಿ ಗೇರ್ ಎದ್ದು ಕೂತಿತು. ಗಿರಣಿ ನಿಲ್ಲಿಸಿ ಕಾದರೆ ಮಾಯ. ಮತ್ತೆ ಚಾಲೂ ಮಾಡಿದರೆ ಹಾಜರು. ಬೆಳಗಿನಿಂದ ಸಂಜೆಯವರೆಗೆ ಗಿರಣಿ ಅದನ್ನು ಮಲಗಲು ಬಿಡುತ್ತಿರಲಿಲ್ಲ.

“ಸಿಕ್ತು!” ಎಂದು ಕೂಗಿಬಿಟ್ಟೆ. ಗೋಡೆ, ಗಿರಣಿ, ಸೆನ್ಸರ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸಿದೆ. ಮಲ್ಲಪ್ಪನವರು ಹಿಟ್ಟು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡು ಮಗಳ ತಲೆ ಸವರಿದರು. “ನಿಂದ ಆತು ಸೈಕಲ್ಲ, ತಗೊಂಡ ಹೋಗು,” ಎಂದರು.

ನೀಲವ್ವ ಬಾಗಿಲಲ್ಲಿ ನಿಂತಿದ್ದಳು.

“ಹಂಗಾದ್ರ ಅಂವ ಬರತಿದ್ದಿಲ್ಲೇನ್ರಿ?”

ಅವಳು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಇಲ್ರಿ ಅಕ್ಕಾರ,” ಎಂದೆ. ಅವಳು ಹೂಂ ಎಂದು ತಲೆಯಾಡಿಸಿ ಸೆರಗಿನಿಂದ ಹ್ಯಾಂಡಲ್‌ನ ವಿಭೂತಿ ಒರೆಸತೊಡಗಿದಳು. ಮೆಲ್ಲಗೆ, ಕೂಸಿನ ಬಾಯಿ ಒರೆಸಿದಂತೆ. ಅದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ.

ಸೈಕಲ್ ಗಿರಣಿಯಿಂದ ದೂರದ ಪಡಸಾಲೆಗೆ ಬಂತು, ಬ್ಯಾಟರಿ ಇಳಿಯುವುದು ನಿಂತಿತು. ಹುಕ್ಕೇರಿ ರಸ್ತೆಯಲ್ಲಿ ಶಿವಲೀಲಾ ಆಯ್ಕೆಯಾದಳು. ಕೆಲಸದ ಲೆಕ್ಕದಲ್ಲಿ ಇದು ನನ್ನ ಗೆಲುವು, ಮತ್ತೆ ಅದೇ ಸಂದರ್ಭ ಬಂದರೂ ಅದನ್ನೇ ಹೇಳುತ್ತೇನೆ, ಹುಡುಗಿಯ ದಾರಿ ತೆರೆಯಬೇಕಿತ್ತು. ಆದರೆ ಈಗ ಕಾರಣ ಸಿಕ್ಕ ಕೂಡಲೇ ಕೂಗುವುದಿಲ್ಲ. ಆ ದೋಷವನ್ನೇ ನೆಚ್ಚಿಕೊಂಡು ಬದುಕುತ್ತಿರುವವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಮೊದಲು ಸುತ್ತ ನೋಡುತ್ತೇನೆ. ಇದ್ದರೆ ಅವರ ಹತ್ತಿರ ಕೂತು ಹೇಳುತ್ತೇನೆ. ಹಿಡಕಲ್ ನೀರು ಬಸುವನ್ನು ಒಮ್ಮೆ ಒಯ್ದಿತು. ಆ ತಾಯಿಗೆ ಅವನು ಎರಡನೇ ಸಲ ಹೋದದ್ದು ನನ್ನ ಬಾಯಿಂದ.